ಸಂಶೋಧನಾ ನೈತಿಕತೆ ಮತ್ತು ಸಂಶೋಧನೆಯ ಮೌಲ್ಯಮಾಪನ

ಸಂಶೋಧಕರು ಸತ್ಯದ ಬಗೆಗೆ, ಅಧ್ಯಯನಕ್ಕೆ ಒಳಪಡುವ ಜನ ಮತ್ತು ನಿಸರ್ಗದ ಬಗೆಗೆ ಪಾಲಿಸಬೇಕಾದ ಹೊಣೆಗಳಿಗೆ ಸಂಶೋಧನಾ ನೈತಿಕತೆ ಎಂದು ಹೆಸರು. ಅವರ ಕೆಲಸದ ಬೆಲೆಯನ್ನು ಹೇಗೆ ಅಳೆಯಬೇಕೆಂಬ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಇದೆ: ಅಳತೆ ತಪ್ಪಿದರೆ ನಡತೆಯೂ ತಪ್ಪುತ್ತದೆ.

ಮುಖ್ಯ ಅಪಚಾರಗಳು ಮೂರು: ಇಲ್ಲದ ದತ್ತಾಂಶವನ್ನು ಸೃಷ್ಟಿಸುವುದು, ಇದ್ದುದನ್ನು ತಿರುಚುವುದು, ಕೃತಿಚೌರ್ಯ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಿಂದ 2020ರಲ್ಲಿ ಪ್ರಕಟವಾದ ಲೇಖನವೊಂದರ ಚಿತ್ರಗಳನ್ನು ತಿರುಚಿದ್ದು ಬಯಲಾಗಿ, 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10ನ್ನು ಮೀರಿದರೆ ದಂಡನೆ ಶುರುವಾಗುತ್ತದೆ, ಶೇ. 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು.

ಮನುಷ್ಯರ ಮೇಲಿನ ಅಧ್ಯಯನಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಆಧಾರ. ಗದಗ ಸೀಮೆಯ ರೈತ ಮಹಿಳೆಯೊಬ್ಬರಿಂದ ರಕ್ತದ ಮಾದರಿ ಪಡೆಯಬೇಕಾದರೆ ಉದ್ದೇಶ, ಅಪಾಯ, ಲಾಭಗಳನ್ನು ಆಕೆಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕು. ಓದು ಬಾರದಿದ್ದರೆ ನಿಷ್ಪಕ್ಷಪಾತ ಸಾಕ್ಷಿಯ ಎದುರಿಗೆ ಹೆಬ್ಬೆಟ್ಟು ಪಡೆಯಬೇಕು. ಒಪ್ಪಿದ ಮೇಲೂ "ಒಲ್ಲೆ" ಎನ್ನುವ ಹಕ್ಕು ಆಕೆಗಿದೆ. ಹಾಗೆಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಬಾರದು.

ಇಂಥದೇ ಹೊಣೆ ನಿಸರ್ಗದ ಬಗೆಗೂ ಜನರ ತಿಳಿವಳಿಕೆಯ ಬಗೆಗೂ ಇದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದುದು. 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಯಾವ ಬೇರನ್ನು ಯಾವ ಕಾಲದಲ್ಲಿ ಕೀಳಬೇಕು, ಎಷ್ಟನ್ನು ಬಿಟ್ಟು ಬರಬೇಕು ಎಂಬುದು ನಾಟಿ ವೈದ್ಯರ ಅನುಭವದ ತಿಳಿವಳಿಕೆ. ಅದನ್ನು ಬರೆದುಕೊಂಡು ಹೋಗುವ ಸಂಶೋಧಕ ಮೊದಲು ಒಪ್ಪಿಗೆ ಕೇಳಬೇಕು, ಹೇಳಿದವರನ್ನು ಅವರು ಬಯಸಿದಂತೆ ನೆನೆಯಬೇಕು, ಬರೆದುದನ್ನು ಕನ್ನಡದಲ್ಲಿ ಅವರಿಗೆ ಮುಟ್ಟಿಸಬೇಕು. ಅಪರೂಪದ ಗಿಡ ಇರುವ ಜಾಗವನ್ನು ಕರಾರುವಾಕ್ಕಾಗಿ ಅಚ್ಚು ಹಾಕಿದರೆ ಗಿಡ ಕೀಳುವವರಿಗೆ ದಾರಿ ತೋರಿಸಿದಂತಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆ ಇಂಥ ತಿಳಿವಳಿಕೆಯಿಂದ ಬಂದ ಲಾಭದ ನ್ಯಾಯಯುತ ಹಂಚಿಕೆಯನ್ನು ಕೇಳುತ್ತದೆ. ಸ್ಥಳೀಯ ಸಂಸ್ಥೆಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಊರಿನ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬೇಕು.

ಸಾಧನೆಯನ್ನು ಎಣಿಕೆಯಿಂದ ಅಳೆಯುವ ಪದ್ಧತಿ ಈ ಹೊಣೆಗಳನ್ನು ಕಾಣುವುದಿಲ್ಲ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕದಲ್ಲಿ, ಒಬ್ಬರ 5 ಲೇಖನಗಳು ತಲಾ ಕನಿಷ್ಠ 5 ಸಲ ಉಲ್ಲೇಖಗೊಂಡಿದ್ದರೆ ಅಂಕ 5. ಯುಜಿಸಿ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿ ತಂದ ಮೇಲೆ, ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ನಿಯತಕಾಲಿಕಗಳಿಗೆ ಗಿರಾಕಿಗಳು ಹೆಚ್ಚಿದರು. ಅದನ್ನು ತಡೆಯಲು 2018ರಲ್ಲಿ ರೂಪಿಸಿದ, ನಂಬಲರ್ಹ ನಿಯತಕಾಲಿಕಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ಪಿಎಚ್.ಡಿ.ಗೆ ಲೇಖನ ಪ್ರಕಟಣೆಯ ಕಡ್ಡಾಯವನ್ನು 2022ರ ನಿಯಮಗಳು ತೆಗೆದವು. ನಿಯತಕಾಲಿಕದ ಪ್ರಭಾವಾಂಕದಿಂದ (ಇಂಪ್ಯಾಕ್ಟ್ ಫ್ಯಾಕ್ಟರ್) ವ್ಯಕ್ತಿಯ ಕೆಲಸವನ್ನು ಅಳೆಯಬಾರದೆಂಬುದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯ ತಿರುಳು.

ಗದಗದಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಂಥ ಕಡೆ ಈ ಮಾತಿಗೆ ತೂಕ ಹೆಚ್ಚು. ಪಂಚಾಯಿತಿಯ ಕುಡಿಯುವ ನೀರಿನ ತೊಡಕನ್ನು ಬಿಡಿಸಿದ ವರದಿಗೆ ಉಲ್ಲೇಖಗಳು ಸಿಗದಿರಬಹುದು; ಆದರೂ ಅದು ಸಂಶೋಧನೆಯೇ. ಹಾಗಾಗಿ ಮೌಲ್ಯಮಾಪಕರು ಲೇಖನಗಳನ್ನು ಎಣಿಸುವ ಬದಲು ಓದಬೇಕು. ತಿಳಿವಳಿಕೆ ಕೊಟ್ಟ ಊರಿಗೆ ಏನು ಮರಳಿತೆಂದೂ ಕೇಳಬೇಕು.