ಮರಗಳ ನಡುವಿನ ಮನೆ



ಯುರೋಪಿನ ಚಿತ್ರಕಲೆಯಲ್ಲಿ ಪುರಾಣ, ಯುದ್ಧ, ಅರಸರಿಗೆ ಸಲ್ಲುತ್ತಿದ್ದ ಮರ್ಯಾದೆಯನ್ನು ಮರ, ಮೋಡ, ಹೊಳೆಗಳಿಗೂ ಸಲ್ಲಿಸಿದ್ದು ರಮ್ಯ ಪಂಥದ ಹಿರಿಮೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ರಚಿಸಿದ ‘ದಿ ಹೇ ವೇನ್’, ಎಂದರೆ ಹುಲ್ಲಿನ ಬಂಡಿ, ಇದಕ್ಕೆ ಒಳ್ಳೆಯ ನಿದರ್ಶನ. ಎಡಗಡೆ ಮರಗಳ ನೆರಳಿನಲ್ಲಿ ಕೆಂಪು ಹೆಂಚಿನ ಒಂದು ಮನೆ. ನಡುವೆ ನೀರಿನಲ್ಲಿ ಇಳಿದ ಬರಿದಾದ ಕುದುರೆ ಬಂಡಿ. ದೂರದ ಬಯಲಿನಲ್ಲಿ ಹುಲ್ಲು ಕೊಯ್ಯುವವರು. ಆ ಮನೆಯಲ್ಲಿದ್ದವನು ವಿಲ್ಲಿ ಲಾಟ್ ಎಂಬ ಗೇಣಿ ರೈತ.

ಕಾನ್‌ಸ್ಟೆಬಲ್ 1776ರಲ್ಲಿ ಅಲ್ಲಿಗೆ ಸಮೀಪದ ಈಸ್ಟ್ ಬರ್ಗ್‌ಹೋಲ್ಟ್ ಗ್ರಾಮದಲ್ಲಿ ಜನಿಸಿದನು. ಅವನ ತಂದೆಯ ಫ್ಲ್ಯಾಟ್‌ಫರ್ಡ್ ಗಿರಣಿ ಈ ಮನೆಯ ಪಕ್ಕದಲ್ಲಿಯೇ ಇತ್ತು. 1799ರಲ್ಲಿ ಕಲಾಭ್ಯಾಸಕ್ಕೆಂದು ಲಂಡನ್ ಸೇರಿದ ಅವನು ಮುಂದೆ ಅಲ್ಲಿಯೇ ನೆಲೆಸಿದನು. 1816ರಲ್ಲಿ ತಂದೆ ತೀರಿಕೊಂಡರು. ಕೆಲವು ವರ್ಷಗಳಲ್ಲಿ ಸ್ವಂತ ಮನೆಯೂ ಮಾರಾಟವಾಯಿತು. ನೆರೆಯವನ ಮನೆಯ ಈ ಚಿತ್ರ ಮೂಡಿದ್ದು ಅದಾದ ಮೇಲೆ, ಲಂಡನ್ನಿನಲ್ಲಿ, ಊರಿನಲ್ಲಿ ಹಿಂದೆ ಬರೆದುಕೊಂಡಿದ್ದ ಕರಡುಗಳನ್ನು ಎದುರಿಗಿಟ್ಟುಕೊಂಡು. ಬಂಡಿಯ ವಿವರ ಬೇಕಾದಾಗ ಅದರ ರೇಖಾಚಿತ್ರವನ್ನು ತಮ್ಮನ ಮೂಲಕ ಊರಿನಿಂದ ತರಿಸಿಕೊಂಡನು.

ಬಂಡಿಯ ವಿಷಯದಲ್ಲಿ ಇಷ್ಟು ನಿಷ್ಠುರನಾದ ಕಲಾವಿದನ ಕಣ್ಣಿಗೆ ಬೀಳದೆ ಹೋದದ್ದೂ ಉಂಟು. 1815ರಲ್ಲಿ ನೆಪೋಲಿಯನ್ನನ ಯುದ್ಧ ಮುಗಿದ ಬಳಿಕ ಧಾನ್ಯದ ಬೆಲೆ ಕುಸಿಯಿತು, ಕೂಲಿಯೂ ಇಳಿಯಿತು. ಆ ಪೂರ್ವ ಪ್ರಾಂತ್ಯದಲ್ಲಿಯೇ 1816ರಲ್ಲಿ ಹಸಿದ ಕೂಲಿಕಾರರು ದಂಗೆಯೆದ್ದರು. 1822ರಲ್ಲಿ ತಮ್ಮ ಕೆಲಸ ಕಸಿದ ಒಕ್ಕಣೆ ಯಂತ್ರಗಳನ್ನು ಒಡೆದು ಹಾಕಿದರು. ಈ ಎರಡು ಗಲಭೆಗಳ ನಡುವೆ ಮೂಡಿದ ಚಿತ್ರದಲ್ಲಿ ಮಾತ್ರ ಮಧ್ಯಾಹ್ನದ ಪ್ರಶಾಂತಿ.

ಹಾಗೆಂದು ಚಿತ್ರ ಸುಳ್ಳೆನ್ನಲಾಗದು. ಮನೆ, ಹೊಳೆ, ಮೋಡ ಎಲ್ಲವೂ ನಿಜ. ಅದು ಗಿರಣಿಯ ಒಡೆಯನ ಮಗ ದೂರದಿಂದ ಕಂಡ ನಿಜ.

ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಇದನ್ನು ಯಾರೂ ಕೊಳ್ಳಲಿಲ್ಲ. 1824ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದಾಗ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್ ಸ್ವರ್ಣಪದಕವಿತ್ತನು. 1886ರಲ್ಲಿ ಚಿತ್ರವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನು ಸೇರಿತು. ಕಾಲಕ್ರಮದಲ್ಲಿ ಒಬ್ಬನ ಊರು ಇಡೀ ಇಂಗ್ಲೆಂಡಿನ ಮುಖವೆನಿಸಿತು.

ಊರು ಬಿಟ್ಟು ಬಂದ ನಾವೂ ಮಕ್ಕಳ ಮುಂದೆ ಇಂತಹ ಚಿತ್ರಗಳನ್ನು ಬಿಡಿಸುತ್ತೇವೆ. ಅದರಲ್ಲಿ ಹೆಂಚಿನ ಮನೆ, ಮಾವಿನ ಮರ, ಹೊಳೆ ಎಲ್ಲವೂ ಇರುತ್ತವೆ. ಗದ್ದೆಯಲ್ಲಿ ದುಡಿದವರ ಹೆಸರು, ಅವರಿಗೆ ಸಂದ ಕೂಲಿ ಇರುವುದಿಲ್ಲ. ಮಕ್ಕಳು ಊರನ್ನು ನಮ್ಮ ಮಾತಿನಿಂದಲೇ ಅರಿಯಬೇಕಾಗಿರುವುದರಿಂದ, ಆ ಹೆಸರುಗಳನ್ನೂ ಹೇಳುವ ಹೊಣೆ ನಮ್ಮ ಮೇಲಿದೆ.