ಕೆಡವುವುದು, ಕೆಡಿಸುವುದು

ಇಂಗ್ಲಿಷಿನಲ್ಲಿ ‘ಸ್ಲೈಟ್’ ಎಂಬ ಕ್ರಿಯಾಪದವೊಂದುಂಟು. ಕಡೆಗಣಿಸು, ಹಗುರಾಗಿ ಕಾಣು ಎಂಬ ಅದರ ಅರ್ಥ ಎಲ್ಲರಿಗೂ ತಿಳಿದದ್ದೇ. ಆದರೆ ಕೋಟೆಯ ಪ್ರಸಂಗ ಬಂದಾಗ ಆ ಪದಕ್ಕೆ ಬೇರೊಂದು ಅರ್ಥವಿದೆ; ಇಂದು ಅದು ಬಹುಮಟ್ಟಿಗೆ ಇತಿಹಾಸಕಾರರ ಬರಹದಲ್ಲಷ್ಟೇ ಉಳಿದಿದೆ. ಗೆದ್ದ ಕೋಟೆ ಮತ್ತೆ ಹಗೆಯ ಕೈಸೇರಿದರೂ ಉಪಯೋಗಕ್ಕೆ ಬಾರದಂತೆ ಮಾಡುವುದೇ ಆ ಅರ್ಥ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ ಈ ಪ್ರಯೋಗ ಬಳಕೆಗೆ ಬಂದಿತು. 1646ರಲ್ಲಿ ಪಾರ್ಲಿಮೆಂಟಿನವರು ಕಾರ್ಫ್ ಕೋಟೆಯನ್ನು ಹಿಡಿದು ಮದ್ದಿಟ್ಟು ಒಡೆದರು. ಅದರ ಗೋಡೆಗಳು ಈಗಲೂ ಗುಡ್ಡದ ಮೇಲಿವೆ. ಸೀಳಿ, ವಾಲಿ ನಿಂತಿವೆ. ಪದದ ಮೂಲಾರ್ಥ ಸಮತಟ್ಟು, ನುಣುಪು. ಸಮತಟ್ಟಾದದ್ದು ಸಾಧಾರಣವಾಯಿತು, ಸಾಧಾರಣವಾದದ್ದು ಅಲ್ಪವಾಯಿತು. ಪದಗಳ ಬಾಳೂ ಮನುಷ್ಯರ ಬಾಳಿನಂತೆಯೇ!

ನಮ್ಮ ಚಾಮರಾಜನಗರದ ಕಡೆಯ ಉಮ್ಮತ್ತೂರಿನ ಚರಿತ್ರೆಯಲ್ಲಿ ಈ ಎರಡು ಅರ್ಥಗಳೂ ಒಂದಾಗಿ ಬರುತ್ತವೆ. ವಿಜಯನಗರದ ಸಾಮಂತರಾದ ಇಲ್ಲಿನ ಒಡೆಯರು ಸಾಮ್ರಾಟನನ್ನೇ ಲೆಕ್ಕಕ್ಕಿಡದೆ ಪೆನುಗೊಂಡೆಯ ಮೇಲೂ ಹಕ್ಕು ಸಾಧಿಸಹೊರಟವರು. ವೀರನರಸಿಂಹನು ಮುತ್ತಿಗೆ ಹಾಕಿಯೂ ಉಮ್ಮತ್ತೂರನ್ನು ಗೆಲ್ಲಲಾಗಲಿಲ್ಲ. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನು ಮರುವರ್ಷವೇ ಇತ್ತ ತಿರುಗಿದನು. ಗಂಗರಾಜನು ಕಾವೇರಿಯ ನಡುಗಡ್ಡೆಯಾದ ಶಿವನಸಮುದ್ರದಲ್ಲಿ ನೆಲೆನಿಂತು ಕಾದಿದನು. ದೀರ್ಘಕಾಲದ ಮುತ್ತಿಗೆಯ ಬಳಿಕ, 1512ರ ಹೊತ್ತಿಗೆ, ಕೋಟೆ ಬಿದ್ದಿತು. ಗಂಗರಾಜನು ಹೊಳೆಯಲ್ಲಿ ಮುಳುಗಿ ಮಡಿದನೆಂದು ಹೇಳುತ್ತಾರೆ. ಗೆದ್ದವರು ಕೋಟೆಯನ್ನು ಹಾಳುಗೆಡವಿದರು.

ಏಕೆ? ಸೇಡೆಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ಸಾಲದೆನಿಸುತ್ತದೆ. ರಾಯನ ಕಣ್ಣು ಆಗಲೇ ಗಜಪತಿಯ ಉದಯಗಿರಿಯ ಮೇಲಿತ್ತು. 1513ರಲ್ಲಿ ಅವನ ಸೇನೆ ಅಲ್ಲಿತ್ತು. ಬೆನ್ನಹಿಂದೆ, ಹೊಳೆಯ ನಡುವೆ, ಇನ್ನೊಬ್ಬ ದಂಗೆಕೋರನಿಗೆ ಒದಗಬಲ್ಲ ಕೋಟೆಯನ್ನು ಬಿಟ್ಟು ದೂರ ಹೋಗುವುದು ವಿವೇಕವಲ್ಲ. ಉಮ್ಮತ್ತೂರಿನ ಹೆಸರೇನೂ ಅಂದಿಗೇ ಅಳಿಸಿಹೋಗಲಿಲ್ಲ. 17ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರಾಜ ಒಡೆಯರು ಅದನ್ನು ಮತ್ತೆ ಗೆಲ್ಲಬೇಕಾಯಿತು.

ಇಂಥ ಕಾರ್ಯವನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ಕೋಟೆಯನ್ನು ಅವಮಾನಿಸಿದರು’ ಎಂದು ಅನುವಾದಿಸಿದರೆ ನಗೆಪಾಟಲು. ‘ನೆಲಸಮ ಮಾಡಿದರು’ ಎಂದರೆ ಅತಿಯಾಯಿತು. ಅಷ್ಟು ಕಲ್ಲನ್ನು ಕಿತ್ತೊಗೆಯುವ ಪುರಸೊತ್ತು ಯಾವ ದಂಡಿಗಿತ್ತು? ಒಂದು ಕೊತ್ತಲವನ್ನು ಒಡೆದು, ಹೆಬ್ಬಾಗಿಲನ್ನು ಕಿತ್ತು, ಕಂದಕವನ್ನು ತುಂಬಿದರೆ ಸಾಕು, ಕೋಟೆ ಹಲ್ಲು ಕಿತ್ತ ಹಾವು. ನಮ್ಮಲ್ಲಿ ‘ಕೆಡವು’ ಇದೆ, ‘ಕೆಡಿಸು’ ಇದೆ. ಕೆಡವಿದ್ದು ಬೀಳುತ್ತದೆ, ಕೆಡಿಸಿದ್ದು ನಿಂತಿದ್ದರೂ ಕೆಲಸಕ್ಕೆ ಬಾರದು. ಕೋಟೆಯನ್ನು ಕೆಡಿಸಿದರು ಎಂದೇ ನಾನು ಬರೆಯುತ್ತೇನೆ.