ಮೊಲದ ಬೆನ್ನಟ್ಟಿದ ನಾಯಿ

ವಿಕ್ರೋಳಿಯ ಕನ್ನಮ್‌ವಾರ್ ನಗರದಲ್ಲಿ ಸಂಜೆ ಎದುರಾಗುವ ನೀಳಮೋರೆಯ ನಾಯಿಯನ್ನು ನಾನು 'ಮುಧೋಳ' ಎಂದರೆ, ಅದರ ಒಡೆಯರು 'ಕಾರವಾನಿ' ಎನ್ನುತ್ತಾರೆ. ಗಡಿಯ ಆಚೆಈಚೆ ಹೆಸರು ಎರಡು, ನಾಯಿ ಒಂದೇ.

ಈ ಮೈಕಟ್ಟನ್ನು ತಿದ್ದಿದ್ದು ಮೊಲ. ಬಯಲುಸೀಮೆಯ ಬೇಟೆಗಾರನಿಗೆ ಬೇಕಾದದ್ದು ನೆಲ ಮೂಸುವ ಮೂಗಲ್ಲ. ದೂರದ ಚಲನೆಯನ್ನು ಹಿಡಿಯುವ ಕಣ್ಣು, ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದನೆಯ ಕಾಲು. ಮೊಲ ಓಡುತ್ತಲೇ ತಟ್ಟನೆ ದಿಕ್ಕು ಬದಲಿಸುತ್ತದೆ. ಮೈಭಾರದ ನಾಯಿ ಮುಂದಕ್ಕೆ ಜಾರಿಬಿಡುತ್ತದೆ. ಅಟ್ಟುವುದನ್ನು ಈ ತಳಿಗೆ ಕಲಿಸಬೇಕಿಲ್ಲ, ಅದು ರಕ್ತದಲ್ಲೇ ಇದೆ. ಕಲಿಸಬೇಕಾದದ್ದು ತಡೆದು ನಿಲ್ಲುವುದನ್ನು, ಕರೆದಾಗ ಮರಳುವುದನ್ನು, ಕುರಿಮಂದೆಯನ್ನು ಕಂಡರೂ ಸುಮ್ಮನಿರುವುದನ್ನು. ನನ್ನ ಮಟ್ಟಿಗೆ ನಿಜವಾದ ಪಳಗಿಸುವಿಕೆ ಇದೇ.

ಹಂದಿಯೊಡನೆ ಕಾದಿ ಮಡಿದ 'ಕಾಳಿ' ಎಂಬ ನಾಯಿಗೆ ಆತಕೂರಿನಲ್ಲಿ 10ನೆಯ ಶತಮಾನದಲ್ಲೇ ಶಾಸನ ನಿಂತಿತು. ಮೊಲದ ನಾಯಿಗೆ ಅಂಥ ಕಲ್ಲಿನ ಭಾಗ್ಯವಿರಲಿಲ್ಲ. ಅದನ್ನು ಪೋಷಿಸಿದವರು ಮುಧೋಳದ ಘೋರ್ಪಡೆ ಅರಸರು. ರಾಜಾ ಮಾಲೋಜಿರಾವ್ ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಉಡುಗೊರೆಯಾಗಿತ್ತರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಮೊಲದ ಬೇಟೆ ಅಪರಾಧವಾಯಿತು, ಅದು ಸರಿಯೇ. 2005ರಲ್ಲಿ ನಾಯಿ ಅಂಚೆಚೀಟಿ ಏರಿತು, ಮುಂದೆ ಸೇನೆಯನ್ನೂ ಸೇರಿತು.

ನಿನ್ನೆ ಸಂಜೆ ಕಟ್ಟಡದ ಗೋಡೆಯ ಮೇಲೆ ಬೆಕ್ಕೊಂದು ಹಾಯಿತು. ಕಾರವಾನಿಯ ಕಿವಿ ನಿಮಿರಿತು, ಹಗ್ಗ ಬಿಗಿಯಿತು. ಒಡೆಯರು ಮರಾಠಿಯಲ್ಲಿ 'ಥಾಂಬ್' ಎಂದರು. ಅದು ನಿಂತಿತು.